ಹುಮನಾಬಾದಿನ ಅಧಿಕಾರಿಗಳಿಗೆ

ಪಾರ್ವತಿಬಾಯಿಯವರ ಸ್ವಾತಂತ್ರ್ಯ ಸಮರ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಶುರುವಾಗಿ, ಮಜ್ಜಿಗೆ ಬಡಿಸುವಷ್ಟರಲ್ಲಿ ಮುಗಿದುಹೋಯಿತು. ಅದರ ಮೇಲಿನ ಪತ್ರವ್ಯವಹಾರ ಮಾತ್ರ ಮಳೆಗಾಲ ಪೂರ್ತಿ ನಡೆಯಿತು. ಎಲ್ಲ ಯುದ್ಧಗಳ ಹಣೆಬರಹವೂ ಇಷ್ಟೇ, ಹೊಡೆದಾಟ ಬೇಗ ಮುಗಿಯುತ್ತದೆ, ಕಾಗದ ಮುಗಿಯುವುದಿಲ್ಲ ಎಂದು ಅವರ ಗಂಡ ಮಹಾರುದ್ರಪ್ಪನವರು ಹೇಳುತ್ತಿದ್ದರು. ಆ ವಿಷಯದಲ್ಲಿ ಬಸವಕಲ್ಯಾಣದಲ್ಲಿ ತಮ್ಮಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬುದು ಅವರ ನಂಬಿಕೆ. ಅದು ಸುಳ್ಳೂ ಅಲ್ಲ.

ಮಹಾರುದ್ರಪ್ಪನವರು ಮೀಸೆ ಚಿಗುರುವ ವಯಸ್ಸಿನಲ್ಲಿ ಇಂಗ್ಲಿಷ್ ಟೈಪಿಂಗ್ ಕಲಿತು, ದಿಲ್ಲಿಯ ವಿದೇಶಾಂಗ ಖಾತೆಯಲ್ಲಿ ಟೈಪಿಸ್ಟ್ ಆಗಿ ಸೇರಿದವರು. ಬಾಂಗ್ಲಾದೇಶ ಸ್ವತಂತ್ರವಾದ ಹೊಸದರಲ್ಲಿ ಅವರನ್ನು ಢಾಕಾಕ್ಕೆ ಕಳಿಸಿದರು. ಯುದ್ಧ ಮುಗಿದಿತ್ತು. ಸೆರೆ ಸಿಕ್ಕವರು, ಆ ದೇಶದಲ್ಲೂ ಈ ದೇಶದಲ್ಲೂ ಸಿಕ್ಕಿಬಿದ್ದ ಸಂಸಾರಗಳು, ಯಾರನ್ನು ಯಾರು ಎಲ್ಲಿಗೆ ಕಳಿಸಬೇಕು ಎಂಬ ಮಾತುಕತೆ, ಎಲ್ಲವೂ ಕಾಗದದ ಮೇಲೆ ನಡೆಯುತ್ತಿತ್ತು. ದೊಡ್ಡವರು ಹೇಳಿದ್ದನ್ನು ಇವರು ಟೈಪ್ ಮಾಡುತ್ತಿದ್ದರು. ಕೆಲವು ವರ್ಷ ಕಳೆಯುವಷ್ಟರಲ್ಲಿ ತಂದೆ ತೀರಿಕೊಂಡರು. ಕೊಹಿನೂರ ಗ್ರಾಮದ ಹೊಲ ನೋಡಿಕೊಳ್ಳುವವರಿಲ್ಲದೆ ನೌಕರಿ ಬಿಟ್ಟು ಬಂದರು, ಗೊಬ್ಬರದ ಅಂಗಡಿ ಇಟ್ಟರು, ಪಾರ್ವತಿಬಾಯಿಯವರನ್ನು ಮದುವೆಯಾದರು. ಊರಿನ ಬಾಯಲ್ಲಿ ಢಾಕಾ ಸಾವ್ಕಾರ ಆದರು. ಎಷ್ಟರಮಟ್ಟಿಗೆಂದರೆ, ಅವರ ಖರೆ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಹೆಚ್ಚಿನವರಿಗೆ ನೆನಪೇ ಇರಲಿಲ್ಲ.

ನೌಕರಿ ಹೋದರೂ ನೌಕರಿಯ ಭಾಷೆ ಹೋಗಲಿಲ್ಲ. ಯೂರಿಯಾ ಲೋಡು ತಡವಾದರೆ ಕಂಪನಿಗೆ ಬರೆಯುವ ಕಾಗದವೂ ‘ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತಾ’ ಎಂದೇ ಶುರುವಾಗುತ್ತಿತ್ತು. ಸಾರಿಗೆ ಉಪ್ಪು ಕಡಿಮೆ ಬಿದ್ದ ದಿನ ಅವರು ಉಪ್ಪು ಕೇಳುತ್ತಿರಲಿಲ್ಲ, ಈ ಸಂಗತಿಯನ್ನು ಗಂಭೀರವಾಗಿ ಗಮನಿಸಲಾಗಿದೆ ಎನ್ನುತ್ತಿದ್ದರು. ಪಾರ್ವತಿಬಾಯಿಯವರು ಉಪ್ಪಿನ ಬಟ್ಟಲನ್ನು ಮುಂದಕ್ಕೆ ಸರಿಸುತ್ತಿದ್ದರು. ನನ್ನನ್ನು ಕೇಳಿದರೆ, ಆ ಮನೆಯಲ್ಲಿ ನಿಜವಾದ ಮುತ್ಸದ್ದಿ ಯಾರು ಎಂಬುದು ಅಲ್ಲಿಯೇ ಗೊತ್ತಾಗುತ್ತಿತ್ತು.

ಜಗಳಕ್ಕೆ ಕಾರಣ ಒಂದು ಬೋರ್ಡು. ಹುಮನಾಬಾದಿನಲ್ಲಿ ಪಾರ್ವತಿಬಾಯಿಯವರ ಅಕ್ಕ ಕಮಳಾಬಾಯಿ ಇದ್ದಾರೆ. ಮೊಣಕಾಲಿನ ಆಪರೇಷನ್ ಆಯಿತೆಂದು ತಂಗಿ ನೋಡಿಕೊಳ್ಳಲು ಹೋದರು. ಅಕ್ಕನಿಗೆಂದು ಬಡಿದ ರೊಟ್ಟಿ ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಬೀದಿಗೆ ಹೋಯಿತು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಿಂದ ಬರುವ ಲಾರಿಯವರು ಮನೆ ಹುಡುಕಿಕೊಂಡು ಬಂದು ಕಟ್ಟಿಸಿಕೊಂಡು ಹೋಗತೊಡಗಿದರು. ಅಕ್ಕತಂಗಿಯರು ರಸ್ತೆಯ ಕಡೆಗಿದ್ದ ಕೋಣೆಯನ್ನು ತೆರವು ಮಾಡಿ ರೊಟ್ಟಿ ಕೇಂದ್ರ ತೆರೆಯುವುದೆಂದು ತೀರ್ಮಾನಿಸಿದರು. ಮಹಾರುದ್ರಪ್ಪನವರು ಅದಕ್ಕೂ ತಕರಾರು ತೆಗೆಯಲಿಲ್ಲ. ಅಕ್ಕನ ಅಂಗಡಿ, ಅಕ್ಕ ನಡೆಸಲಿ, ಇವಳು ವಾರ ಹದಿನೈದು ದಿನ ಕೈಹಚ್ಚಿ ಬರಲಿ ಎಂದುಕೊಂಡಿದ್ದರು.

ಕಾರಹುಣ್ಣಿಮೆಗೆ ಊರಿಗೆ ಬಂದ ಪಾರ್ವತಿಬಾಯಿಯವರು ಊಟಕ್ಕೆ ಬಡಿಸುತ್ತಿದ್ದಾಗ ಸೊಸೆ ಮನೀಷಾಳ ಮೊಬೈಲಿಗೆ ಫೋಟೋ ಬಂತು. ಪೇಂಟರ್ ಬೋರ್ಡು ಬರೆದು ಮುಗಿಸಿದ್ದ. ‘ಪಾರ್ವತಿಬಾಯಿ ರೊಟ್ಟಿ ಕೇಂದ್ರ’ ಎಂದು ಹಳದಿ ಬಣ್ಣದಲ್ಲಿ ದಪ್ಪ ಅಕ್ಷರ. ಮಗ ಶರಣಕುಮಾರ ಭಾಳ ಚೆಂದಾಗ್ಯದ ಎಂದ. ಮಹಾರುದ್ರಪ್ಪನವರ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಯಿತು.

“ನಮ್ಮ ಮನಿ ಹೆಣಮಕ್ಕಳ ಹೆಸರು ರಸ್ತಾದ ಮ್ಯಾಲ ಬರೂದಿಲ್ಲ. ಅಳಸಾಕ ಹೇಳು” ಎಂದರು.

ಪಾರ್ವತಿಬಾಯಿಯವರು ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟರು. “ನಿಮ್ಮ ಮನಿ ಹೆಸರು ಅದರಾಗ ಎಲ್ಲದರಿ? ನನ್ನ ಹೆಸರಷ್ಟೇ ಅದ.”

ಆಮೇಲೆ ಅವರು ಒಳಗೆ ಹೋಗಿ ಕೈಚೀಲ ತುಂಬಿಕೊಂಡರು. ಎದುರಿನ ಗೋಡೆಗೆ ಹೇಳಿದ ಹಾಗೆ, ಇನ್ನು ಮುಂದ ನಾ ಸ್ವತಂತ್ರ ಎಂದರು. ಮಗ ಸೊಸೆ ಇಬ್ಬರೂ ಬಾಗಿಲಿಗೆ ಅಡ್ಡ ನಿಂತು ಬೇಡಿಕೊಂಡರು. ಇಬ್ಬರ ತಲೆಯನ್ನೂ ಸವರಿ, ನಿಮ್ಮ ಮ್ಯಾಲ ಸಿಟ್ಟಿಲ್ಲ ಎಂದು ಹೇಳಿ ಹುಮನಾಬಾದಿನ ಬಸ್ಸು ಹತ್ತಿದರು.

ಅಂದಿನಿಂದ ಮಗ ಸೊಸೆಯರ ಜೊತೆ ದಿನವೂ ಫೋನಿನಲ್ಲಿ ಮಾತು, ಗಂಡನ ಫೋನು ಮಾತ್ರ ಎತ್ತುತ್ತಿರಲಿಲ್ಲ. ಮಹಾರುದ್ರಪ್ಪನವರೂ ಎರಡು ದಿನ ಪ್ರಯತ್ನಿಸಿ ಬಿಟ್ಟುಬಿಟ್ಟರು. ರಾಯಭಾರ ಸಂಬಂಧ ಮುರಿದಾಗ ಟೆಲಿಫೋನ್ ಮಾಡುವ ಪದ್ಧತಿ ಇಲ್ಲ, ಕಾಗದ ಬರೆಯಬೇಕು ಎಂದು ಮಗನಿಗೆ ತಿಳಿಸಿ ಹೇಳಿದರು. ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಗೊಬ್ಬರದ ಚೀಲದ ಚಿತ್ರವಿದ್ದ ಭಾಗವನ್ನು ಕತ್ತರಿಸಿ ತೆಗೆದು, ಮೊದಲನೆಯ ಪತ್ರ ಬರೆದರು.

‘ಬಸವಕಲ್ಯಾಣದ ಮನೆಯು ಹುಮನಾಬಾದಿನ ಮನೆಗೆ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸಿ, ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಾವಿನ ಉಪ್ಪಿನಕಾಯಿ ಭರಣಿಯ ಮೇಲ್ಭಾಗದಲ್ಲಿ ಬಿಳಿ ಪೊರೆ ಕಾಣಿಸಿಕೊಂಡಿದ್ದು, ಈ ಬಗ್ಗೆ ಸೂಕ್ತ ಮಾರ್ಗದರ್ಶನವನ್ನು ನಿರೀಕ್ಷಿಸಲಾಗಿದೆ. ಈ ಅವಕಾಶವನ್ನು ಬಳಸಿಕೊಂಡು ಅತ್ಯುನ್ನತ ಗೌರವದ ಭರವಸೆಯನ್ನು ಮತ್ತೊಮ್ಮೆ ನೀಡಲಾಗಿದೆ.’

ಬಾ ಎಂದು ಬರೆಯಲು ಬಾರದ ಮನುಷ್ಯ ಉಪ್ಪಿನಕಾಯಿಯ ಬಗ್ಗೆ ಬರೆದಿದ್ದರು. ಭರಣಿಯಲ್ಲಿ ಪೊರೆಯೂ ಇರಲಿಲ್ಲ, ಮನೀಷಾ ಅಷ್ಟು ಹಸನಾಗಿ ನೋಡಿಕೊಂಡಿದ್ದಳು. ಲಕೋಟೆಯ ಮೇಲೆ ‘ಶರಣಕುಮಾರನ ತಾಯಿಯವರಿಗೆ’ ಎಂದು ಬರೆದು ಗೋಂದು ಹಚ್ಚಿದರು.

ಪತ್ರ ಒಯ್ಯಲು ಪೀರ್ ಪಾಷಾ ಇದ್ದರು. ಗೊಬ್ಬರದ ಅಂಗಡಿಯ ಪಕ್ಕದಲ್ಲೇ ಅವರ ಗಾದಿ ಅಂಗಡಿ. ಹಳೆಯ ಹಾಸಿಗೆಯ ಹತ್ತಿ ಬಿಡಿಸಿ ಹೊಸದಾಗಿ ತುಂಬುವುದು ಅವರ ಕಸುಬು, ಮಹಾರುದ್ರಪ್ಪನವರ ಮಾತು ಕೇಳುವುದು ಅವರ ಕರ್ಮ. ಮಗಳು ಇಶ್ರತ್‌ಳನ್ನು ಹುಮನಾಬಾದಿಗೆ ಕೊಟ್ಟಿದ್ದರಿಂದ ಮೊಮ್ಮಕ್ಕಳನ್ನು ನೋಡುವ ನೆಪದಲ್ಲಿ ಆಗಾಗ ಹೋಗುತ್ತಿದ್ದರು. ಎರಡು ದೇಶಗಳು ಮಾತು ಬಿಟ್ಟಾಗ ನಡುವೆ ಸ್ವಿಟ್ಜರ್ಲೆಂಡ್ ನಿಂತು ಕಾಗದ ದಾಟಿಸುತ್ತದೆ, ಈಗ ನೀನು ಸ್ವಿಟ್ಜರ್ಲೆಂಡ್ ಎಂದು ಮಹಾರುದ್ರಪ್ಪನವರು ಅವರನ್ನು ನೇಮಿಸಿದರು. ಪೀರ್ ಪಾಷಾ ಗಡ್ಡದಲ್ಲಿ ಸಿಕ್ಕಿದ್ದ ಹತ್ತಿಯ ಎಳೆ ತೆಗೆಯುತ್ತ, ಬಸ್ ಚಾರ್ಜು ಯಾವ ದೇಶ ಕೊಡುತ್ತದೆ ಎಂದು ಕೇಳಿದರು.

ಸಂಜೆ ಪತ್ರ ವಾಪಸ್ ಬಂತು. ಗೋಂದು ಹಾಗೇ ಇತ್ತು.

ಪಾರ್ವತಿ ವೈನಿ ಲಕೋಟೆಯನ್ನು ಕೈಯಲ್ಲಿ ಹಿಡಿದರು, ಮೇಲಿನದನ್ನು ಓದಿದರು, ಒಡೆಯದೆ ತಿರುಗಿ ಕೊಟ್ಟರು, ತಮಗೆ ಬಿಸಿ ರೊಟ್ಟಿ ಪುಂಡಿಪಲ್ಯ ಬಡಿಸಿದರು ಎಂದು ಪೀರ್ ಪಾಷಾ ವರದಿ ಒಪ್ಪಿಸಿದರು. ಪಲ್ಯದ ವಿಚಾರದಲ್ಲಿ ವರದಿ ತುಸು ಉದ್ದವೇ ಆಯಿತು. ಮಹಾರುದ್ರಪ್ಪನವರ ಮುಖ ಸಣ್ಣದಾಯಿತು. ಮಗನ ಹೆಸರಿನಿಂದ ಬರೆದದ್ದು ತಪ್ಪಾಯಿತೇನೋ ಎಂದು ಎರಡನೆಯ ಲಕೋಟೆಯ ಮೇಲೆ ‘ಮಹಾರುದ್ರಪ್ಪನವರ ಧರ್ಮಪತ್ನಿಯವರಿಗೆ’ ಎಂದು ಬರೆದರು. ಒಳಗೆ ಹಾಲಿನವನ ವಿಷಯವಿತ್ತು. ಅದೂ ಹಾಗೆಯೇ ವಾಪಸ್ ಬಂತು.

ಹೀಗೆ ಶ್ರಾವಣ ಬಂತು, ಹೋಯಿತು. ಮನೆಯಲ್ಲಿ ಅವರಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಸೊಸೆ ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು, ಮಗ ಅಂಗಡಿ ನೋಡುತ್ತಿದ್ದ. ಆದರೆ ಸಾರಿಗೆ ಉಪ್ಪು ಕಡಿಮೆಯಾದ ದಿನ, ಗಂಭೀರವಾಗಿ ಗಮನಿಸಲಾಗಿದೆ ಎಂದು ಯಾರಿಗೆ ಹೇಳುವುದು? ಮನೀಷಾಳಿಗೆ ಹೇಳಿದರೆ ಪಾಪ, ನಿಜವೆಂದು ತಿಳಿದು ಹೆದರುತ್ತಿದ್ದಳು. ಆ ಮಾತು ಹೇಳಿಸಿಕೊಳ್ಳುವುದಕ್ಕೆಂದೇ ಒಬ್ಬರು ಬೇಕು. ಅಷ್ಟು ವರ್ಷ ಆ ಒಬ್ಬರು ಎದುರಿಗೇ ಇದ್ದರೆಂಬುದು ಮಹಾರುದ್ರಪ್ಪನವರಿಗೆ ಈಗ ಹೊಳೆಯಿತು.

ಪೀರ್ ಪಾಷಾ ಮತ್ತೆ ಹುಮನಾಬಾದಿಗೆ ಹೊರಡುವ ದಿನ ಅವರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಮೂರನೆಯ ಲಕೋಟೆ ಹಿಡಿದುಕೊಂಡರು. ತಾಯಿ ಬೇಡವಾಯಿತು, ಧರ್ಮಪತ್ನಿ ಬೇಡವಾಯಿತು. ಯಾರ ಮನಸ್ಸಿಗೂ ನೋವಾಗದಂಥ, ಮಾನದ ಮಾತೊಂದನ್ನು ಹುಡುಕಿದರು. ತಮ್ಮ ನೌಕರಿಯ ಕಾಲದ ಒಳ್ಳೆಯ ಮಾತೊಂದು ಕೈಗೆ ತಾನೇ ಬಂತು. ದುಂಡಗಿನ ಅಕ್ಷರದಲ್ಲಿ ಬರೆದರು: ‘ಹುಮನಾಬಾದಿನ ಅಧಿಕಾರಿಗಳಿಗೆ’.

ಬರೆದು ಗೋಂದಿನ ಬಾಟಲಿಗೆ ಕೈ ಚಾಚಿದವರು ಅರ್ಧಕ್ಕೇ ತಡೆದರು. ಈ ಮಾತನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಆಮೇಲೆ ನೆನಪಾಯಿತು.

ಢಾಕಾದಲ್ಲಿ ಅವರು ದಿನವೂ ನೋಡುತ್ತಿದ್ದ ಕಾಗದಗಳಲ್ಲಿ ಅದೇ ಇರುತ್ತಿತ್ತು. ಆ ನಾಡನ್ನು ಕಳೆದುಕೊಂಡ ಸರ್ಕಾರ ಹೊಸ ದೇಶದ ಹೆಸರನ್ನು ಬರೆಯಲು ಒಪ್ಪುತ್ತಿರಲಿಲ್ಲ. ಸೆರೆ ಸಿಕ್ಕವರ ಬಗ್ಗೆ ಬರೆಯಲಿ, ಸಂಸಾರಗಳ ಬಗ್ಗೆ ಬರೆಯಲಿ, ‘ಢಾಕಾದ ಅಧಿಕಾರಿಗಳು’ ಎನ್ನುವುದು. ಹೆಸರು ಬರೆದರೆ ಮಾನ್ಯತೆ ಕೊಟ್ಟಂತಾಗುತ್ತದೆ. ಹೆಸರಿಲ್ಲದ ಕಾಗದವನ್ನು ಢಾಕಾದವರು ಒಡೆಯದೆಯೇ ತಿರುಗಿ ಕಳಿಸುತ್ತಿದ್ದರು ಎಂದು ಮಹಾರುದ್ರಪ್ಪನವರು ಕಥೆ ಹೇಳುತ್ತಿದ್ದರು. ಅದರಲ್ಲಿ ಖರೆ ಎಷ್ಟು, ಒಗ್ಗರಣೆ ಎಷ್ಟು, ಅವರಿಗೇ ಗೊತ್ತು. ಕೊನೆಗೆ ಮಾನ್ಯತೆ ಬಂದ ದಿನ ಆಫೀಸಿನಲ್ಲಿ ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದ ಬಂಗಾಳಿ ಮುದುಕನೊಬ್ಬ ಮೂಲೆಯಲ್ಲಿ ಕುಳಿತು ಅತ್ತಿದ್ದ. ಯುದ್ಧದಲ್ಲಿ ಅವನ ಮನೆಯವರು ತೀರಿಹೋಗಿದ್ದರು. ಏನಾಯಿತು ಎಂದು ಕೇಳಿದರೆ, ಹೆಸರು ಹಿಡಿದು ಕರೆದರು ಬಾಬು ಎಂದಷ್ಟೇ ಹೇಳಿದ್ದ. ಆ ಕಥೆಯನ್ನು ಮಹಾರುದ್ರಪ್ಪನವರು ಊರಿಗೆಲ್ಲ ಹೇಳಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಕೇಳಿದವರು ಪಾರ್ವತಿಬಾಯಿ. ಮದುವೆಯಾದ ವರ್ಷ ಮೊದಲ ಸಲ ಕೇಳಿದಾಗ ಅವರ ಕಣ್ಣೂ ತುಂಬಿತ್ತು.

ಮಹಾರುದ್ರಪ್ಪನವರು ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿನ್ನ ವೈನಿ ಪತ್ರ ತಿರುಗಿ ಕೊಡುವಾಗ ಏನಾದರೂ ಅಂದಿದ್ದರೇ ಎಂದು ಕೇಳಿದರು. ಪೀರ್ ಪಾಷಾ ಹತ್ತಿ ಬಿಡಿಸುವುದನ್ನು ನಿಲ್ಲಿಸಿದರು.

“ಅಂದಿದ್ರು. ನಿಮಗ ಬ್ಯಾಸರ ಆಗ್ತದಂತ ನಾ ಹೇಳಿರಲಿಲ್ಲ. ಹೆಸರಿಲ್ಲದ ಕಾಗದ ಯಾಕ ವಾಪಸ್ ಬರ್ತದ ಅನ್ನೂದು ನಿಮ್ಮ ಸಾವ್ಕಾರ್ರಿಗಿ ಗೊತ್ತದ, ಅವರೇ ನನಗ ಕಲಿಸ್ಯಾರ ಅಂದ್ರು.”

ಆಮೇಲೆ ಪೀರ್ ಪಾಷಾ ಮೆಲ್ಲಗೆ, ಹೆಸರು ಬರೆಯುವುದೇನು ದೊಡ್ಡ ಮಾತು, ನಾನು ನನ್ನ ಹೆಂಡತಿ ಅಕ್ಬರಿಯನ್ನು ದಿನವಿಡೀ ಹೆಸರಿನಿಂದಲೇ ಕೂಗುತ್ತೇನೆ, ಆಕೆ ತಿರುಗಿ ನೋಡುವುದಿಲ್ಲ ಎಂಬುದು ಬೇರೆ ವಿಷಯ ಎಂದರು. ಮಹಾರುದ್ರಪ್ಪನವರು ನಗಲಿಲ್ಲ. ಹೆಂಡತಿಯನ್ನು ಅವರು ‘ಏ’ ಎಂದು, ‘ಕೇಳ್ತೇನು’ ಎಂದು, ಮಗ ಹುಟ್ಟಿದ ಮೇಲೆ ‘ಶರಣ್ಯಾನ ಅವ್ವ’ ಎಂದು ಕರೆದವರು. ಹೆಸರು ಬಾಯಿಗೆ ಬಂದದ್ದೇ ಇಲ್ಲ. ರೂಢಿ ಅದು ಎಂದುಕೊಂಡಿದ್ದರು. ಈಗ ಕೈ ತಡೆಯುತ್ತಿರುವುದು ರೂಢಿಯಲ್ಲ ಎಂದು ಅವರಿಗೆ ತಿಳಿದಿತ್ತು.

“ಮಾನ್ಯತೆ ಕೊಟ್ಟ ಮ್ಯಾಲ ಆ ದೇಶ ವಾಪಸ್ ಬರೂದಿಲ್ಲ, ಪಾಷಾ. ಹೆಸರು ಬರದ್ರ ಆಕಿ ಅಲ್ಲೇ ಇರ್ತಾಳ.”

“ಬರೀದಿದ್ರ ಬರ್ತಾರೇನ್ರಿ ಸಾವ್ಕಾರ್ರ?”

ಪೀರ್ ಪಾಷಾ ಇದನ್ನು ಕುಟುಕಲು ಕೇಳಲಿಲ್ಲ. ಅವರ ದನಿಯಲ್ಲಿ ಮರುಕವೇ ಇತ್ತು. ಮಹಾರುದ್ರಪ್ಪನವರು ಮೂರನೆಯ ಲಕೋಟೆಯನ್ನು ನಾಲ್ಕು ಚೂರು ಮಾಡಿ ಕಿಸೆಗೆ ಹಾಕಿಕೊಂಡರು.

ಹೊಸ ಲಕೋಟೆಯ ಮೇಲೆ ‘ಪಾರ್ವತಿಬಾಯಿಯವರಿಗೆ, ಹುಮನಾಬಾದ’ ಎಂದು ಬರೆಯಲು ಅವರಿಗೆ ಒಂದು ಮುಂಜಾನೆ ಹಿಡಿಯಿತು. ಒಳಗಿನ ಕಾಗದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ವಂದನೆಗಳನ್ನು ಸಲ್ಲಿಸುತ್ತಾ ಎಂದು ಶುರುಮಾಡಿ ಹೊಡೆದು ಹಾಕಿದರು. ತಿಳಿಯಪಡಿಸುವುದೇನೆಂದರೆ ಎಂದು ಬರೆದರು, ತಿಳಿಯಪಡಿಸಲು ಏನೂ ಸಿಗಲಿಲ್ಲ. ಕೊನೆಗೆ ಬೇರೆ ಹಾಳೆ ತೆಗೆದುಕೊಂಡು ಒಂದೇ ಸಾಲು ಬರೆದರು: ‘ನೀ ಅಲ್ಲೇ ಇರು, ನಾ ಬಂದು ಹೋಗಿ ಮಾಡ್ತೀನಿ.’ ಆ ಸಾಲಿನಲ್ಲಿ ಸರ್ಕಾರಿ ಮಾತು ಒಂದೂ ಇರಲಿಲ್ಲ. ಓದಿ ನೋಡಿದಾಗ ಅವರಿಗೇ ನಾಚಿಕೆಯಾಯಿತು, ಮಡಿಚಿ ಲಕೋಟೆಯೊಳಗೆ ತೂರಿಸಿಬಿಟ್ಟರು.

ಈ ಪತ್ರವನ್ನು ಸ್ವಿಟ್ಜರ್ಲೆಂಡಿನ ಕೈಯಲ್ಲಿ ಕೊಡುವಂತಿರಲಿಲ್ಲ. ಮಾನ್ಯತೆ ಕೊಟ್ಟ ಮೇಲೆ ರಾಯಭಾರಿ ತಾನೇ ಹೋಗಿ ಪತ್ರ ಒಪ್ಪಿಸಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟರು. ಸ್ವಿಟ್ಜರ್ಲೆಂಡ್ ಕೂಡ ಜೊತೆಗೆ ಹೊರಟಿತು. ಇಷ್ಟು ದಿನ ಓಡಾಡಿದ್ದೇನೆ, ಸಂಧಾನ ನೋಡದೆ ಇರಲಿಕ್ಕಾಗುವುದಿಲ್ಲ ಎಂದರು ಪೀರ್ ಪಾಷಾ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಹಾರುದ್ರಪ್ಪನವರು ಕಿಸೆಯ ಮೇಲಿಂದ ಕೈ ತೆಗೆಯಲಿಲ್ಲ.

ರೊಟ್ಟಿ ಕೇಂದ್ರದ ಮುಂದೆ ಜನ ಸಾಲು ನಿಂತಿದ್ದರು. ಬೋರ್ಡು ಫೋಟೋದಲ್ಲಿ ಕಂಡದ್ದಕ್ಕಿಂತ ದೊಡ್ಡದಿತ್ತು. ಬಾಗಿಲಲ್ಲಿ ಕಮಳಾಬಾಯಿ ಕಾಲು ಚಾಚಿ ಕುರ್ಚಿಯ ಮೇಲೆ ಕುಳಿತು, ಬಂದವರ ಹೆಸರು ಕೇಳಿ ಚೀಟಿ ಬರೆದು ಒಳಗೆ ಕೊಡುತ್ತಿದ್ದರು. ಒಳಗೆ ಒಲೆಯ ಮುಂದೆ ಪಾರ್ವತಿಬಾಯಿಯವರ ಬೆನ್ನು ಕಾಣುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಬೆಂದ ರೊಟ್ಟಿಗಳನ್ನು ಕಟ್ಟಿ, ಚೀಟಿ ನೋಡಿ, ಹೆಸರು ಕೂಗಿ ಕೊಡುವವರೂ ಅವರೇ.

ಸಾಲಿನಲ್ಲಿ ನಿಂತಿದ್ದ ಮಹಾರುದ್ರಪ್ಪನವರ ಸರದಿ ಬಂತು. ಕಮಳಾಬಾಯಿ ತಲೆ ಎತ್ತಿದರು, ತಂಗಿಯ ಗಂಡನ ಮುಖವನ್ನು ನೋಡಿದರು, ಗುರುತು ಹಿಡಿದ ಲಕ್ಷಣವನ್ನೇ ತೋರಿಸಲಿಲ್ಲ. ಎಷ್ಟಾದರೂ ಅವರದೂ ಪಾರ್ವತಿಬಾಯಿಯವರದೇ ರಕ್ತ.

“ಆರ್ಡರು ಯಾರ ಹೆಸರಿಲೆ ಬರ್ಕೊಳ್ಳಲ್ರಿ?”

ಮಹಾರುದ್ರಪ್ಪನವರು ತಮ್ಮ ಹೆಸರು ಹೇಳಿದರು. ಐದು ರೊಟ್ಟಿ ಎಂದರು. ಆಮೇಲೆ ಕಿಸೆಯಿಂದ ಲಕೋಟೆ ತೆಗೆದರು. ಒಮ್ಮೆ ಕೆಮ್ಮಿ, ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

“ಇದನ್ನ ಪಾರ್ವತಿಬಾಯಿ ಅವರಿಗಿ ಕೊಡ್ರಿ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಮಳಾಬಾಯಿ ಚೀಟಿಯ ಜೊತೆಗೆ ಲಕೋಟೆಯನ್ನೂ ಹಿಂದಕ್ಕೆ ಚಾಚಿದರು. ಪಾರ್ವತಿಬಾಯಿಯವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಮೇಲಿನದನ್ನು ಓದಿದರು. ಈ ಸಲ ಒಡೆದರು. ಒಂದು ಸಾಲಿನ ಕಾಗದವನ್ನು ಅಷ್ಟು ಹೊತ್ತು ಹೇಗೆ ಓದಿದರೋ ಗೊತ್ತಿಲ್ಲ. ಆಮೇಲೆ ಅದನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಗೆ ನೋಡದೆಯೇ ಮತ್ತೆ ಒಲೆಯ ಕಡೆ ತಿರುಗಿದರು. ಸದ್ದು ಮತ್ತೆ ಶುರುವಾಯಿತು.

ಮಹಾರುದ್ರಪ್ಪನವರು ಖಾಲಿ ಕಿಸೆಯನ್ನು ಮುಟ್ಟಿ ನೋಡಿಕೊಂಡರು. ಇನ್ನೇನು ಬರೆಯಬೇಕಿತ್ತು, ಇದಕ್ಕಿಂತ ಹೆಚ್ಚಿನದು ಅವರ ಹತ್ತಿರ ಇರಲಿಲ್ಲ. ಪೀರ್ ಪಾಷಾ ಅವರ ರಟ್ಟೆ ಹಿಡಿದು ಬೇವಿನ ಗಿಡದ ನೆರಳಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

ಒಳಗಿನಿಂದ ಹೆಸರುಗಳು ಬರುತ್ತಿದ್ದವು. ಹಳ್ಳಿಖೇಡದ ಸತೀಶಕುಮಾರ ಎಂದು ಕೂಗಿದರು, ಲಾರಿಯವನೊಬ್ಬ ಓಡಿ ಬಂದ. ಅನುರಾಧಾ ಟೀಚರ್ ಎಂದು ಕೂಗಿದರು. ಶಾಹಿದ್ ಎಂದರು. ಆಮೇಲೆ ಕಟ್ಟಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಚೀಟಿ ನೋಡಿ ಪಾರ್ವತಿಬಾಯಿಯವರು ಸುಮ್ಮನೆ ನಿಂತುಬಿಟ್ಟರು.

ಈ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ ಮುಂಜಿಯಲ್ಲಿ ಹಿರಿಯರು ಬಲವಂತ ಮಾಡಿದಾಗ ಒಡಪು ಕಟ್ಟಿ, ಬೆಳ್ಳಿ ಬಟ್ಟಲು ಮಲ್ಲಿಗೆ ದಂಡೆ ಎಂದು ಏನೇನೋ ಹೇಳಿ, ಅದರ ನಡುವೆ ಹೆಸರನ್ನು ಅಡಗಿಸಿ ಹೇಳಿ ಮುಖ ಮುಚ್ಚಿಕೊಳ್ಳುತ್ತಾರೆ. ಪಾರ್ವತಿಬಾಯಿಯವರೂ ಹಾಗೆ ನಾಲ್ಕೈದು ಸಲ ಹೇಳಿರಬಹುದು. ಉಳಿದಂತೆ ರೇಷನ್ ಕಾರ್ಡಿನವರು ಕೇಳಿದರೂ ಮಗನನ್ನು ಮುಂದೆ ಮಾಡುತ್ತಿದ್ದರು. ಸಾಲಿನಲ್ಲಿದ್ದ ಹೆಂಗಸರಿಗೆ ಏನೋ ಅರ್ಥವಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಳಾಬಾಯಿ, ನಾ ಕೂಗಲೇನ ಎಂದು ಕೈ ಚಾಚಿದರು. ಪಾರ್ವತಿಬಾಯಿಯವರು ಬೇಡವೆಂದು ತಲೆಯಾಡಿಸಿ, ಬಾಗಿಲಿಗೆ ಬಂದು ನಿಂತರು.

“ಮಹಾರುದ್ರಪ್ಪ” ಎಂದು ಕೂಗಿದರು.

ಬೇವಿನ ಗಿಡದ ಕೆಳಗಿದ್ದ ಮಹಾರುದ್ರಪ್ಪನವರು ಆ ಹೆಸರಿನ ಗಿರಾಕಿ ಯಾರಿರಬಹುದೆಂದು ಸಾಲಿನ ಕಡೆ ನೋಡಿದರು. ಆ ದನಿ ಅವರಿಗೆ ಚೆನ್ನಾಗಿ ಗೊತ್ತು, ಹೆಸರೂ ಗೊತ್ತು. ಎರಡನ್ನೂ ಒಟ್ಟಿಗೆ ಅವರು ಹೀಗೆ ಎಂದೂ ಕೇಳಿರಲಿಲ್ಲ. ಯಾರೂ ಮುಂದೆ ಬಾರದ್ದನ್ನು ನೋಡಿ ಪಾರ್ವತಿಬಾಯಿಯವರು ಇನ್ನೊಮ್ಮೆ, ಈ ಸಲ ನೇರವಾಗಿ ಅವರ ಮುಖವನ್ನೇ ನೋಡುತ್ತ ಕೂಗಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

ಪೀರ್ ಪಾಷಾ ಮೊಣಕೈಯಿಂದ ತಿವಿದು, ನಿಮ್ಮನ್ನೇ ಕರೆಯುತ್ತಿದ್ದಾರೆ ಹೋಗ್ರಿ ಎಂದರು. ಮಹಾರುದ್ರಪ್ಪನವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಬಂದೆ ಎಂದು ಹೇಳಿ, ರೊಟ್ಟಿ ತೆಗೆದುಕೊಳ್ಳಲು ಎರಡೂ ಕೈ ಮುಂದೆ ಮಾಡಿ ನಡೆದರು.